ಯಾರಿಗೂ ಸಲ್ಲದ ಚಿನ್ನದ ಗೊರವಂಕ

ನಾನು ಒಂದು ಗೊರವಂಕ. ಮೈ ಹಿತ್ತಾಳೆಯದು, ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಚಿನ್ನದ ಲೇಪ. ಹಾರಿದ್ದಿಲ್ಲ, ಹಾಡಿದ್ದಿಲ್ಲ. ಆದರೂ ಜರ್ಮನಿ ದೇಶದಲ್ಲಿ ಇಪ್ಪತ್ತಮೂರು ವರ್ಷ, ವರ್ಷಕ್ಕೊಂದು ಸಂಜೆ, ಹಾಡುವವರೂ ನಗಿಸುವವರೂ ನನ್ನನ್ನು ಎದೆಗೆ ಅವಚಿಕೊಂಡು ಅತ್ತಿದ್ದಾರೆ. ಒಟ್ಟು ನೂರ ಎಂಬತ್ತೇಳು ಜನ. ನಿಜವಾಗಿ ಅತ್ತವರು ಹನ್ನೊಂದು. ಉಳಿದವರ ಕಣ್ಣೀರು ಕ್ಯಾಮೆರಾದ ಕೆಂಪು ದೀಪದ ಜೊತೆಗೇ ಹೊತ್ತಿಕೊಂಡು ಅದರ ಜೊತೆಗೇ ಆರುತ್ತಿತ್ತು. ಅವರ ಮುಖವನ್ನು ಜನ ಟಿವಿಯಲ್ಲಿ ನೋಡಿದ್ದಾರೆ. ನಾನು ಕೆಳಗಿನಿಂದ ನೋಡಿದವನು. ಗದ್ದದ ಅಡಿಯಲ್ಲಿ ಪೌಡರ್ ಎಲ್ಲಿಗೆ ನಿಲ್ಲುತ್ತದೆ, ಅಲ್ಲಿಂದ ಮುಂದೆ ಮನುಷ್ಯ ಹೇಗಿರುತ್ತಾನೆ ಎಂಬುದು ನನಗೆ ಗೊತ್ತು.

ಹುಟ್ಟಿದ್ದು ೧೯೬೯ರಲ್ಲಿ, ಉಲ್ಮ್ ಎಂಬ ಊರಿನ ಒಂದು ಎರಕದ ಅಂಗಡಿಯಲ್ಲಿ. ಡ್ಯಾನ್ಯೂಬ್ ನದಿ ಆ ಊರಿನ ಪಕ್ಕದಲ್ಲೇ ಹರಿಯುತ್ತದೆ. ಎರಕದ ಕ್ಯುಮರ್ಲೆ ಚರ್ಚಿನ ಗಂಟೆಗಳನ್ನೂ ಬಾಗಿಲ ಹಿಡಿಗಳನ್ನೂ ಮಾಡಿ ಬದುಕುತ್ತಿದ್ದವನು. ನನ್ನನ್ನು ಅಚ್ಚಿನಿಂದ ಬಿಡಿಸಿ, ಮರಳು ಕೊಡವಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಒಳಗೆ ಟೊಳ್ಳು, ಕೊಕ್ಕು ತೆರೆದದ್ದು, ಕತ್ತು ಮೇಲಕ್ಕೆ.

"ಹೆಂಗ್ ಬಂತು?" ಎಂದು ಅವನ ಹೆಂಡತಿ ಬಾಗಿಲಿಂದಲೇ ಕೇಳಿದಳು.

"ಬಯ್ಯೋ ಹಾಗೇನಿಲ್ಲ" ಎಂದ ಕ್ಯುಮರ್ಲೆ.

ಹೆಂಡತಿಯ ಮುಖ ಅರಳಿತು. ಆ ಸೀಮೆಯ ಜನ ಯಾರನ್ನೂ ಹೊಗಳುವುದಿಲ್ಲ. ಬಯ್ಯದೆ ಬಿಟ್ಟರೆ ಅದೇ ಹೊಗಳಿಕೆ ಎಂಬುದು ಅಲ್ಲಿನ ಮಾತು. ಮದುವೆಯ ದಿನ ಊಟ ಮಾಡಿ ಎದ್ದವರೂ ಅಷ್ಟೇ ಹೇಳಿ ಕೈ ಒರೆಸಿಕೊಳ್ಳುತ್ತಾರೆ. ಅಂಥ ಸೀಮೆಯಲ್ಲಿ ಹೊಗಳಿಕೆಯನ್ನು ಚಿನ್ನದಲ್ಲಿ ಅದ್ದಿ ಹಂಚಲು ಹೊರಟವರ ಬುದ್ಧಿಗೆ ಏನೆನ್ನಲಿ?

ಹೊರಟದ್ದು ಒಂದು ಟೆಲಿವಿಷನ್ ವಾಹಿನಿ. ಅದರ ನಿರ್ದೇಶಕರ ತೋಟದಲ್ಲಿ ಒಂದು ಗೊರವಂಕ ಗೂಡು ಕಟ್ಟಿತ್ತಂತೆ. ಅಲ್ಲಿಯ ಗೊರವಂಕ ನಿಮ್ಮ ಕಡೆಯದಕ್ಕಿಂತ ಕಪ್ಪು, ಮೈತುಂಬ ಚುಕ್ಕಿ, ಆದರೆ ಗುಣ ಅದೇ. ಆ ಹಕ್ಕಿ ಮನೆಯ ಟೆಲಿಫೋನ್ ಗಂಟೆಯನ್ನು ಅಷ್ಟು ಚೆನ್ನಾಗಿ ಅನುಕರಿಸುತ್ತಿತ್ತಂತೆ. ಆ ಮಹಾಶಯರು ದಿನಕ್ಕೆ ನಾಲ್ಕು ಸಲ ತೋಟದಿಂದ ಒಳಗೋಡಿ, ಸುಮ್ಮನೆ ಮಲಗಿದ್ದ ಫೋನಿಗೆ "ಹಲೋ" ಎನ್ನುತ್ತಿದ್ದರು. ಎಂಥ ಕಲಾವಿದ ಎಂದು ಮೆಚ್ಚಿ, ಸಂಗೀತಕ್ಕೂ ಮನರಂಜನೆಗೂ ತಾವು ಕೊಡಲಿದ್ದ ಪ್ರಶಸ್ತಿಗೆ 'ಚಿನ್ನದ ಗೊರವಂಕ' ಎಂದು ಹೆಸರಿಟ್ಟರು. ಬೇರೆಯವರ ದನಿಯನ್ನು ಕದ್ದು ತನ್ನದೆಂದು ಕೂಗುವ ಹಕ್ಕಿಯನ್ನು ಸಂಗೀತಕ್ಕೆ ಬಹುಮಾನ ಮಾಡಬಾರದೆಂದು ಆ ದೊಡ್ಡ ಮೇಜಿನ ಸುತ್ತ ಕೂತ ಒಬ್ಬರಿಗೂ ತೋಚಲಿಲ್ಲ. ತೋಚಿದ್ದರೆ ನಾನು ಯಾರದೋ ಮನೆಯ ಬಾಗಿಲ ಹಿಡಿಯಾಗಿ ಮರ್ಯಾದೆಯಿಂದ ಬದುಕುತ್ತಿದ್ದೆ.

ನನ್ನಂಥ ಭಾರದ ಗೊರವಂಕವನ್ನು ಎರೆದದ್ದು ಒಂದೇ ಒಂದು. ವೇದಿಕೆಗೆ ನಾನು. ಗೆದ್ದವರ ಮನೆಗೆ ಹದಿನೈದು ದಿನ ಬಿಟ್ಟು ಸತುವಿನ ಹಗುರ ಪ್ರತಿಯೊಂದು ಅಂಚೆಯಲ್ಲಿ ಹೋಗುತ್ತಿತ್ತು. ದೇವಸ್ಥಾನದ ಉತ್ಸವಮೂರ್ತಿಯನ್ನು ನೀವು ನೋಡಿದ್ದೀರಿ. ಹೊರಗೆ ಬರುತ್ತದೆ, ಕೈಮುಗಿಸಿಕೊಳ್ಳುತ್ತದೆ, ಒಳಗೆ ಹೋಗುತ್ತದೆ. ನನ್ನ ಪಾಡೂ ಅದೇ. ನನಗೆ ಗರ್ಭಗುಡಿಯ ಬದಲು ಒಂದು ಬೂಟಿನ ಡಬ್ಬಿ ಇತ್ತು.

ನನ್ನನ್ನು ಆ ಡಬ್ಬಿಯಿಂದ ತೆಗೆದು, ಮತ್ತೆ ಡಬ್ಬಿಗೆ ಹಾಕುತ್ತಿದ್ದವಳು ಲೀಸೆಲ್. ವೇದಿಕೆಯ ಸಾಮಾನುಗಳನ್ನೆಲ್ಲ ನೋಡಿಕೊಳ್ಳುವವಳು, ದಪ್ಪ ಮಣಿಕಟ್ಟಿನ ಹೆಂಗಸು. ಗೆದ್ದವರು ಮುತ್ತು ತೂರುತ್ತ ಪರದೆ ದಾಟಿದ ಕ್ಷಣಕ್ಕೆ ಅವಳು ಕೈ ಚಾಚಿ ನಿಂತಿರುತ್ತಿದ್ದಳು.

"ಕೊಡಿ."

"ಅಂದ್ರೆ? ಇದು ನನಗೆ ಬಂದದ್ದಲ್ವಾ?"

"ನಿಮ್ದು ಪೋಸ್ಟಲ್ಲಿ ಬರುತ್ತೆ. ಇದನ್ನ ಕೊಡಿ, ಮುಂದಿನವರು ಅಳೋಕೆ ರೆಡಿಯಾಗಿ ನಿಂತಿದ್ದಾರೆ."

ಒಬ್ಬ ಹಾಸ್ಯನಟ ನನ್ನನ್ನು ಕೋಟಿನೊಳಗೆ ಅಡಗಿಸಿಕೊಂಡು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡ. ಲೀಸೆಲ್ ಬಾಗಿಲ ಹೊರಗೆ ಸ್ಟೂಲು ಎಳೆದುಕೊಂಡು ಕೂತಳು. "ನಿಧಾನಕ್ಕೆ ಬನ್ನಿ ಸ್ವಾಮಿ, ಒಳಗೇ ಸಂಸಾರ ಮಾಡೋಕಾಗಲ್ಲ" ಎಂದಳು. ಐದು ನಿಮಿಷಕ್ಕೆ ಬಂದ. ಆಮೇಲೆ ಅವಳು ನನ್ನನ್ನು ಬಿಸಿನೀರಲ್ಲಿ ಅದ್ದಿ, ಮಗುವಿನ ಕಿವಿಯ ಹಿಂದೆ ತೊಳೆಯುವ ಹಾಗೆ ಮೆಲ್ಲಗೆ ಉಜ್ಜಿ, ಲಿಪ್‌ಸ್ಟಿಕ್ಕು, ಬೆವರು, ಸುಳ್ಳು ಎಲ್ಲ ತೆಗೆದಳು.

ಸುಳ್ಳು ಎಂದೆನಲ್ಲ. ಆ ಸಮಾರಂಭದಲ್ಲಿ ಯಾರೂ ಹಾಡುತ್ತಿರಲಿಲ್ಲ. ಮೊದಲೇ ರೆಕಾರ್ಡ್ ಮಾಡಿದ ಟೇಪು ಓಡುತ್ತಿತ್ತು, ಗಾಯಕರು ಬಾಯಿ ಆಡಿಸುತ್ತಿದ್ದರು. ಹಿಂದೆ ಕೂತ ವಾದ್ಯದವರೂ ಬರೀ ಕೈ ಆಡಿಸುತ್ತಿದ್ದರು. ಅಪ್ಪಿತಪ್ಪಿ ನಿಜವಾದ ಸ್ವರ ಹೊರಟೀತೆಂದು ಪಿಟೀಲಿನ ಕಮಾನುಗಳಿಗೆ ಮೈ ತೊಳೆಯುವ ಸೋಪನ್ನು ತಿಕ್ಕಿಡುತ್ತಿದ್ದರು. ಸೋಪು ಹಚ್ಚಿದ ಕಮಾನು ತಂತಿಯ ಮೇಲೆ ಎಷ್ಟು ಎಳೆದರೂ ಮಾತಾಡುವುದಿಲ್ಲ. ಆ ಸೋಪು ತರುವುದೂ ಲೀಸೆಲಳ ಕೆಲಸವೇ. ಸಂಗೀತದ ಹಬ್ಬಕ್ಕೆ ಅವಳು ಬರೆದುಕೊಳ್ಳುತ್ತಿದ್ದ ಸಾಮಾನಿನ ಪಟ್ಟಿ: ಮಲ್ಲಿಗೆ ಸೋಪು ಆರು, ಹೂಗುಚ್ಛ ಎಂಟು, ಕರವಸ್ತ್ರ ಒಂದು ಡಜನ್.

ಜೂನ್ ತಿಂಗಳ ಕೊನೆಯ ಶನಿವಾರ ಸಮಾರಂಭ. ಅದಕ್ಕೆ ಮೊದಲು ಒಂದು ವಾರ ತಾಲೀಮು. ೧೯೭೩ರ ತಾಲೀಮಿಗೆ, ಕೋರಸ್ಸಿನ ಮೂರನೇ ಸಾಲಿನಲ್ಲಿ ನಿಲ್ಲುತ್ತಿದ್ದ ರೋಸ್ವಿಟಾ ತನ್ನ ಆರು ವರ್ಷದ ಮಗಳನ್ನು ಕರೆತಂದಳು. ಗಂಡ ಇಲ್ಲ, ಮಗುವನ್ನು ನೋಡಿಕೊಳ್ಳಲು ಜನವಿಲ್ಲ. ಲೀಸೆಲಳ ಸಾಮಾನು ಕೋಣೆಯಲ್ಲಿ ಮಗುವನ್ನು ಕೂರಿಸಿ, ತಲೆ ಬಾಚಿದಳು. ಮಗುವಿನ ಹೆಸರು ಅನ್ಕೆ. ಅದರ ಕೂದಲು ಎಷ್ಟು ಬಾಚಿದರೂ ಸೆಟೆದು ನಿಲ್ಲುವಂಥದ್ದು. ಆ ಸೀಮೆಯ ತೋಟಗಳಲ್ಲಿ ಮುಷ್ಟಿಯಷ್ಟು ಗಾತ್ರದ ಮುಳ್ಳಿಲಿಗಳಿರುತ್ತವೆ, ಮುಟ್ಟಿದರೆ ಚೆಂಡಾಗುತ್ತವೆ. ರೋಸ್ವಿಟಾ ಮಗಳನ್ನು ಹಾಗೆಂದೇ ಕರೆಯುವುದು. ಬಾಚುತ್ತ ಬಾಚುತ್ತ ಅವಳು ಒಂದು ಹಾಡು ಹೇಳಿದಳು:

"ನನ್ನ ಮುಳ್ಳಿಲಿಯೇ, ಮನೆಗೆ ಬಾ, ದೀಪ ಹಚ್ಚಿಟ್ಟಿರುವೆ…"

ನಾನು ಬೂಟಿನ ಡಬ್ಬಿಯಲ್ಲಿದ್ದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ಹಾಡುವುದನ್ನು ಕೇಳಿದೆ. ನನ್ನ ಟೊಳ್ಳು ಹೊಟ್ಟೆ ಗಂಟೆಯ ಹಾಗೆ ಗುಂಯ್ ಎಂದಿತು. ಕ್ಯುಮರ್ಲೆ ಗಂಟೆ ಎರೆಯುವವನಲ್ಲವೇ? ಅಷ್ಟು ಗುಣ ನನಗೂ ಬಂದಿರಬೇಕು.

ತಾಯಿ ತಾಲೀಮಿಗೆ ಹೋದ ಮೇಲೆ ಅನ್ಕೆ ನನ್ನನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳ ಹತ್ತಿರ ಒಂದು ಪೊಟ್ಟಣ ಚೆರ್ರಿ ಹಣ್ಣಿತ್ತು.

"ಲೀಸೆಲ್ ಅತ್ತೆ, ಇದು ಬಾಯ್ ತೆರ್ಕೊಂಡೇ ಇದೆಯಲ್ಲ, ಯಾಕೆ ಹಾಡಲ್ಲ?"

"ಹಸಿವಾಗಿರಬೇಕು ಬಿಡು."

ಮಗು ಹಣ್ಣನ್ನು ತಾನು ತಿಂದು, ಬೀಜವನ್ನು ನನ್ನ ಕೊಕ್ಕಿಗೆ ಹಾಕಿತು. ಅದು ಗಂಟಲಿನಲ್ಲಿ ಉರುಳಿ ಹೊಟ್ಟೆಗೆ ಬಿತ್ತು. ಅಲ್ಲಾಡಿಸಿದರೆ ಕಿಟಿಕಿಟಿ. ಮಗು ಕೇಕೆ ಹಾಕಿತು. ಲೀಸೆಲ್ ತಲೆಕೆಳಗು ಮಾಡಿ ಕೊಡವಿದಳು, ಕಡ್ಡಿ ಹಾಕಿ ನೋಡಿದಳು, ಬೀಜ ಬರಲಿಲ್ಲ. ಇವತ್ತಿಗೂ ಅದು ಅಲ್ಲೇ ಇದೆ.

ಆ ಹಾಡಿನ ವಿಷಯ ಹೇಳಬೇಕು. ಅದರ ನಿಜವಾದ ಸಾಲು "ನನ್ನ ಚಂದಿರನೇ, ಮನೆಗೆ ಬಾ" ಎಂದು. ಆ ಬೇಸಿಗೆಯಲ್ಲಿ ರೆಕಾರ್ಡಾಗಿ ಹೊರಬಂತು. ಮೇಲಿನ ಹೆಸರು ಡಾಲಿಯಾ ವೆಂಟ್. ಡಾಲಿಯಾಳದು ಹಾಲಿನ ಕೆನೆಯಂಥ ಮುಖ, ಎಣ್ಣೆ ಕಾಣದ ತಿರುಗಣೆಯಂಥ ದನಿ. ಹಾಗಾಗಿ ರೆಕಾರ್ಡಿನ ಕಂಪನಿ ಮುಖವನ್ನು ಒಬ್ಬಳಿಂದಲೂ ದನಿಯನ್ನು ಇನ್ನೊಬ್ಬಳಿಂದಲೂ ತೆಗೆದುಕೊಂಡಿತು. ದನಿ ರೋಸ್ವಿಟಾಳದು. ಹಾಡಿದ್ದು ತಾನೆಂದು ಯಾರಿಗೂ, ಹೆತ್ತ ಮಗುವಿಗೂ, ಹೇಳಕೂಡದು ಎಂದು ಬರೆಸಿಕೊಂಡರು. ಬಾಯಿ ಬಿಟ್ಟರೆ ಕೋರಸ್ಸಿನ ಕೆಲಸಕ್ಕೂ ಕಲ್ಲು.

ಆದರೆ ಮನೆಯಲ್ಲಿ ಪಾತ್ರೆ ತೊಳೆಯುತ್ತ ಹಾಡುವ ತಾಯಿಯ ದನಿ ಮಗುವಿಗೆ ಗೊತ್ತಿರುವುದಿಲ್ಲವೇ? ಕರುವಿಗೂ ಗೊತ್ತಿರುತ್ತದೆ.

ಮುಂದಿನ ವರ್ಷ ತಾಲೀಮು ಶುರುವಾದಾಗ ರೋಸ್ವಿಟಾ ಒಬ್ಬಳೇ ಬಂದಳು. ಸಾಮಾನು ಕೋಣೆಯಲ್ಲಿ ಲೀಸೆಲ್ ನನ್ನನ್ನು ಒರೆಸುತ್ತಿದ್ದಳು.

"ಮುಳ್ಳಿಲಿ ಎಲ್ಲಿ? ಈ ವರ್ಷವೂ ಚೆರ್ರಿ ಬಂದಿದೆ" ಎಂದಳು.

"ನನ್ನ ಜೊತೆ ಬರಲ್ಲ ಅಂದ್ಲು."

"ಯಾಕಂತೆ?"

ರೋಸ್ವಿಟಾ ಸ್ಟೂಲಿನ ಮೇಲೆ ಕೂತು ಹೇಳಿದಳು. ಶಾಲೆಯಲ್ಲಿ ಟೀಚರು ಆ ರೆಕಾರ್ಡು ಹಾಕಿದ್ದರಂತೆ. ಅನ್ಕೆ ಎದ್ದು ನಿಂತು, ಇದು ನಮ್ಮಮ್ಮ ಹಾಡಿದ್ದು ಎಂದಳಂತೆ. ಇಡೀ ತರಗತಿ ನಕ್ಕಿತು. ಟೀಚರು ಮಗುವನ್ನು ಮೂಲೆಯಲ್ಲಿ ನಿಲ್ಲಿಸಿ ತಾಯಿಗೆ ಚೀಟಿ ಕಳಿಸಿದರು: ಮಗು ಸುಳ್ಳು ಹೇಳುತ್ತಿದೆ, ಬಂದು ಕಾಣಿ.

"ಹೋದೆ. ಅನ್ಕೆ ನನ್ನ ಕೈ ಹಿಡ್ಕೊಂಡಿದ್ಲು. 'ಅಮ್ಮ, ಹೇಳು' ಅಂತ ಕೈ ಜಗ್ತಾ ಇದ್ಲು. ಆ ಟೀಚರು ನನ್ನ ಮುಖ ನೋಡ್ತಿದ್ದಾರೆ. ನಾನು…" ರೋಸ್ವಿಟಾ ಕರವಸ್ತ್ರದ ಕಟ್ಟಿನಿಂದ ಒಂದನ್ನು ಎಳೆದುಕೊಂಡಳು. "ಮಗು ಏನೋ ಕಲ್ಪನೆ ಮಾಡ್ಕೊಂಡಿದೆ ಟೀಚರ್, ಕ್ಷಮಿಸಿ ಅಂದೆ."

ಲೀಸೆಲ್ ಒರೆಸುವುದನ್ನು ನಿಲ್ಲಿಸಿದಳು.

"ಕೈ ಬಿಟ್ಟುಬಿಟ್ಲು ಲೀಸೆಲ್. ಅಳಲಿಲ್ಲ. ಆವತ್ತಿಂದ ಮನೇಲಿ ನಾನು ಬಾಯಿ ತೆಗೆದ್ರೆ ಸಾಕು, ಹಾಡಬೇಡ, ಅದು ಡಾಲಿಯಾ ಹಾಡು ಅಂತಾಳೆ. ಮುಳ್ಳಿಲಿ ಅಂದ್ರೆ ತಿರುಗಿ ನೋಡಲ್ಲ."

"ಗುಟ್ಟಾಗಿ ಹೇಳಿಬಿಡೇ ಅವಳಿಗೆ!"

"ಹೇಳ್ದೆ. ಸುಮ್ನೆ ನನ್ನ ಸಮಾಧಾನಕ್ಕೆ ಹೇಳ್ತೀಯಾ ಅಂದ್ಲು. ಒಂದ್ಸಲ ಅವಳ ಎದುರಿಗೇ ಇಲ್ಲ ಅಂದಿದ್ದೀನಲ್ಲ. ಇನ್ನು ನನ್ನ ಯಾವ ಮಾತನ್ನ ಅದು ನಂಬಬೇಕು?"

ಆ ವರ್ಷದ 'ವರ್ಷದ ದನಿ' ಪ್ರಶಸ್ತಿ ಡಾಲಿಯಾ ವೆಂಟ್‌ಗೆ ಎಂಬುದು ಮೂರು ವಾರದ ಹಿಂದೆಯೇ ತೀರ್ಮಾನವಾಗಿತ್ತು. ವೀಕ್ಷಕರ ಅಂಚೆ ಕಾರ್ಡುಗಳಿಂದ ಆಯ್ಕೆ ಎಂದು ವೇದಿಕೆಯ ಮೇಲೆ ಒಂಬತ್ತು ಮೂಟೆ ತೋರಿಸುತ್ತಿದ್ದರು. ಮೇಲೆ ನಾಲ್ಕು ಬೆರಳಷ್ಟು ಕಾರ್ಡು, ಕೆಳಗೆಲ್ಲ ಹಳೆಯ ಪೇಪರು. ತುಂಬಿದ್ದು ಲೀಸೆಲಳೇ.

ನಿರೂಪಕ ವೀಗಾಂಡ್ ಸ್ಟೋಲ್ ಲಕೋಟೆ ಹರಿದ. ಒಳಗಿದ್ದದ್ದು ಖಾಲಿ ಹಾಳೆ. ಅದನ್ನು ನೋಡಿ ಬೆರಗಾಗಿ, ಕಣ್ಣರಳಿಸಿ, ಡಾಲಿಯಾಳ ಹೆಸರು ಓದಿದ. ಅವಳು ಬಂದು ಕೈಯಿಂದ ಬಾಯಿ ಮುಚ್ಚಿಕೊಂಡಳು. ನನ್ನನ್ನು ತಬ್ಬಿದಳು. ನನ್ನನ್ನು ಹಿಡಿದುಕೊಂಡೇ ಹಾಡಬೇಕೆಂಬುದು ಕಾರ್ಯಕ್ರಮದ ಪದ್ಧತಿ. ಟೇಪು ಓಡತೊಡಗಿತು. ಪಿಟೀಲಿನವರು ಸೋಪು ಕಮಾನು ಎತ್ತಿದರು. ಹಿಂದೆ ಮೂರು ಸಾಲು ಕೋರಸ್ಸು, ಮೂರನೇ ಸಾಲಿನಲ್ಲಿ ರೋಸ್ವಿಟಾ, ನೀಲಿ ಶಾಲು ಹೊದ್ದು, ತನ್ನದೇ ದನಿಯನ್ನು ಕೇಳಿಸಿಕೊಳ್ಳುತ್ತ.

ಎರಡನೇ ಚರಣಕ್ಕೆ ಟೇಪು ತುಂಡಾಯಿತು.

ಡಾಲಿಯಾಳ ಬಾಯಿ ತೆರೆದೇ ಇತ್ತು, ಒಳಗೆ ಕಟ್ಟಿಸಿದ ಒಂದು ಹಲ್ಲು ನನಗೆ ಕಂಡಿತು. ಪಾಪ, ಪಿಟೀಲಿನವರಿಗೆ ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ, ಅವರು ಎಳೆಯುತ್ತಲೇ ಇದ್ದರು. ಸ್ಟೋಲ್ ಹಲ್ಲು ಬಿಟ್ಟುಕೊಂಡು ನಿಂತಿದ್ದ, ಅವನಿಗೆ ಬರುತ್ತಿದ್ದದ್ದು ಅದೊಂದೇ. ಡಾಲಿಯಾಳ ಕೈ ಐಸಿನಂತಾಗಿ ನಡುಗತೊಡಗಿತು. ನನ್ನ ಹೊಟ್ಟೆಯ ಚೆರ್ರಿ ಬೀಜ ಕಿಟಿಕಿಟಿ ಎಂದಿತು. ಚಪ್ಪಾಳೆ ಹಿಡಿಯಲೆಂದು ಕೋರಸ್ಸಿನ ಹತ್ತಿರ ಒಂದೇ ಒಂದು ಮೈಕು ತೆರೆದಿತ್ತು. ಅದರ ಮೂಲಕ ಇಡೀ ದೇಶ ಕೇಳಿದ ನನ್ನ ಏಕೈಕ ಸ್ವರ ಆ ಕಿಟಿಕಿಟಿ.

ಆಗ ಮೂರನೇ ಸಾಲಿನಿಂದ ದನಿ ಬಂತು. ಟೇಪು ಎಲ್ಲಿ ಕಡಿದಿತ್ತೋ ಅದರ ಮುಂದಿನ ಅಕ್ಷರದಿಂದ. ಪಕ್ಕವಾದ್ಯವಿಲ್ಲ, ತಾಳವಿಲ್ಲ. ಒಲೆಯ ಮುಂದೆ ನಿಂತು ಹಾಡುವ ಹಾಗೆ, ಆತುರವಿಲ್ಲದೆ. ಡಾಲಿಯಾ ಎರಡು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಮುಳುಗುವವಳು ಹಗ್ಗ ಹಿಡಿದ ಹಾಗೆ ಆ ದನಿಯನ್ನು ಹಿಡಿದುಕೊಂಡು ಬಾಯಿ ಆಡಿಸತೊಡಗಿದಳು. ಕ್ಯಾಮೆರಾ ಅವಳ ಮುಖದ ಮೇಲೇ ಇತ್ತು. ಪಲ್ಲವಿ ಬಂತು. ಡಾಲಿಯಾಳ ತುಟಿ "ಚಂದಿರನೇ" ಎಂದಿತು. ದೇಶಕ್ಕೆ ಕೇಳಿಸಿದ್ದು ಬೇರೆ.

"ನನ್ನ ಮುಳ್ಳಿಲಿಯೇ, ಮನೆಗೆ ಬಾ, ದೀಪ ಹಚ್ಚಿಟ್ಟಿರುವೆ…"

ಪರದೆಯ ಹಿಂದೆ ಲೀಸೆಲ್ ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡಳು.

ಹಾಡು ಮುಗಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಹತ್ತು ನಿಮಿಷ. ಯಾರಿಗೆ? ಡಾಲಿಯಾಗೆ! ಟೇಪು ಕಡಿದರೂ ಧೃತಿಗೆಡದೆ, ವಾದ್ಯವೇ ಇಲ್ಲದೆ ಹಾಡಿದ ಮಹಾಗಾಯಕಿ! ಸ್ಟೋಲ್ ಕಣ್ಣೊರೆಸಿಕೊಂಡ. ಕಣ್ಣು ಒಣಗಿತ್ತು, ನಾನು ಪಕ್ಕದಲ್ಲೇ ಇದ್ದೆ.

ಶಾಲು ವಾಪಸು ಕೊಡಲು ರೋಸ್ವಿಟಾ ಸಾಮಾನು ಕೋಣೆಗೆ ಬಂದಾಗ ಲೀಸೆಲ್ ಹರಿಹಾಯ್ದಳು.

"ನಿಂಗೆ ತಲೆ ನೆಟ್ಟಗಿದೆಯಾ? ಅವಳು ಮುಳುಗ್ತಿದ್ಲು, ಮುಳುಗಲಿ ಅಂತ ಬಿಡೋದಲ್ವಾ? ಎಲ್ಲರ ಕಣ್ಣೂ ಬಿಡಿಸೋ ಅವಕಾಶ ದೇವರೇ ಕೊಟ್ಟಿದ್ದ, ಕತ್ತರಿ ಹಿಡ್ಕೊಂಡು ಬಂದು ಟೇಪು ಕಡಿದಿದ್ದ! ನೀನು ಹೋಗಿ ಅವಳನ್ನ ಎತ್ತಿ ದಡಕ್ಕೆ ಹಾಕಿದೆ."

"ಅವಳಿಗೆ ಅಂತ ಹಾಡಲಿಲ್ಲ ನಾನು."

"ಮತ್ತೆ?"

"ಪಕ್ಕದ ಮನೇಲಿ ಟಿವಿ ಇದೆ. ಅನ್ಕೆ ಅಲ್ಲಿ ಕೂತಿದ್ಲು." ರೋಸ್ವಿಟಾ ಶಾಲು ಮಡಿಸುತ್ತಿದ್ದಳು, ಅಂಚು ಕೂಡುತ್ತಿರಲಿಲ್ಲ. "ನಮ್ಮಿಬ್ಬರನ್ನ ಬಿಟ್ಟು ಆ ಹೆಸರು ಯಾರಿಗೂ ಗೊತ್ತಿಲ್ಲ, ನಿನ್ನೊಬ್ಬಳನ್ನ ಬಿಟ್ಟು. ಕೇಳಿಸಿತೋ ಇಲ್ವೋ. ನಿದ್ದೆ ಹೋಗಿದ್ಲೋ ಏನೋ."

ಎರಡು ದಿನ ಬಿಟ್ಟು, ಮರೆತ ಕೊಡೆಗಾಗಿ ಬಂದವಳ ಮುಖ ನೋಡಿಯೇ ಲೀಸೆಲ್ ಸ್ಟೂಲು ಮುಂದೆ ತಳ್ಳಿದಳು.

"ನಿದ್ದೆ ಹೋಗಿರಲಿಲ್ಲ" ಎಂದಳು ರೋಸ್ವಿಟಾ. "ಬೆಳಿಗ್ಗೆ ಎದ್ದು ಬಾಚಣಿಗೆ ತಂದು ನನ್ನ ಕೈಗೆ ಕೊಟ್ಲು. ಬೆನ್ನು ತಿರುಗಿಸಿ ಕೂತ್ಕೊಂಡ್ಲು. 'ಅಮ್ಮ, ನೀನು ಟಿವೀಲಿ ತಪ್ಪು ಹಾಡಿದೆ' ಅಂದ್ಲು. ಹೌದು ಕಣೇ ಅಂದೆ. 'ಶಾಲೇಲಿ ಹೇಳಲ್ಲ ಬಿಡು. ಆ ಟೀಚರಿಗೆ ಏನೂ ಗೊತ್ತಾಗಲ್ಲ' ಅಂದ್ಲು. ಆಮೇಲೆ ಬಾಚು ಅಂದ್ಲು."

ಇಷ್ಟಕ್ಕೇ ನಿಂತಿದ್ದರೆ ಆ ಪ್ರಶಸ್ತಿಯ ಮೇಲೆ ನನಗೆ ಇಷ್ಟು ತಿರಸ್ಕಾರ ಇರುತ್ತಿರಲಿಲ್ಲವೇನೋ. ಆದರೆ ಮುಂದಿನದನ್ನು ಕೇಳಿ. ಪತ್ರಿಕೆಗಳಲ್ಲಿ ಮುಳ್ಳಿಲಿಯ ಮೇಲೆ ಲೇಖನಗಳು ಬಂದವು. ಚಂದ್ರ ಹಳೆಯ ಕಾಲದ ಪ್ರೇಮ, ಮುಳ್ಳಿಲಿ ಆಧುನಿಕ ಮನುಷ್ಯನ ಒಂಟಿತನ, ಮುಟ್ಟಿದರೆ ಮುದುಡುವ ಆತ್ಮ ಎಂದು ಒಬ್ಬ ಪಂಡಿತ ಬರೆದ. ಹಾಡು ಬರೆದ ಮಹಾನುಭಾವ, ತನ್ನ ಮೊದಲ ಕರಡಿನಲ್ಲಿ ಮುಳ್ಳಿಲಿಯೇ ಇತ್ತು, ಕಂಪನಿಯವರು ಬದಲಿಸಿದ್ದರು ಎಂದು ಹೇಳಿಕೆ ಕೊಟ್ಟ. ಜನ ಮುಳ್ಳಿಲಿಯ ರೆಕಾರ್ಡೇ ಬೇಕೆಂದರು. ಕಂಪನಿ ರೋಸ್ವಿಟಾಳನ್ನು ಮತ್ತೆ ಕರೆಸಿ, ಗುಟ್ಟಾಗಿ, ಆ ಒಂದು ಪದವನ್ನು ಹಾಡಿಸಿಕೊಂಡಿತು. ೧೯೭೫ರಲ್ಲಿ 'ನೇರ ಗಾಯನದ ಧೈರ್ಯಕ್ಕಾಗಿ' ಎಂಬ ಹೊಸ ಪ್ರಶಸ್ತಿಯನ್ನು ಹುಟ್ಟಿಸಿ ಡಾಲಿಯಾಗೆ ಕೊಟ್ಟರು. ಅದನ್ನು ಪಡೆದು ಅವಳು ಟೇಪಿಗೆ ಬಾಯಿ ಆಡಿಸಿದಳು.

ನನಗೆ ಹಿಡಿ ನಗು ತಂದದ್ದು ಒಂದೇ. ಆ ಟೀಚರು ಹೊಸ ರೆಕಾರ್ಡು ತಂದು ಇಡೀ ತರಗತಿಗೆ ಹಾಡು ಕಲಿಸಿದರಂತೆ. ಮೂವತ್ತೆರಡು ಮಕ್ಕಳು ಒಟ್ಟಿಗೆ "ನನ್ನ ಮುಳ್ಳಿಲಿಯೇ" ಎಂದು ಕಿರುಚುತ್ತಿದ್ದರೆ, ಕೊನೆಯ ಬೆಂಚಿನಲ್ಲಿ ಒಂದು ಸೆಟೆದ ಕೂದಲಿನ ಹುಡುಗಿ ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿದು ಕೂತಿದ್ದಳಂತೆ.

ಆಮೇಲಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಹೇಳುವಂಥದ್ದಿಲ್ಲ. ನಾಲ್ಕಿದ್ದ ಪ್ರಶಸ್ತಿಗಳು ಹದಿಮೂರಾದವು. 'ವರ್ಷದ ನಗುಮುಖ' ಬಂತು, 'ವರ್ಷದ ಪ್ರೀತಿಯ ನಾಯಿ' ಬಂತು. ಆ ನಾಯಿ ನನ್ನನ್ನು ಮೂಸಿ ಮುಖ ತಿರುಗಿಸಿತು. ತೀರ್ಪುಗಾರರಲ್ಲಿ ನನಗೆ ಸರಿಕಂಡದ್ದು ಅದೊಂದೇ. ಅಂಚೆ ಮೂಟೆ ಹೋಗಿ ಟೆಲಿಫೋನ್ ಮತ ಬಂತು. ಪಾದದ ಮೇಲೆ ಒಂದು ಬಟ್ಟೆ ಸೋಪಿನ ಚೀಟಿ ಅಂಟಿಸಿದರು. ಕಮಾನಿಗೆ ಹಚ್ಚುತ್ತಿದ್ದದ್ದು ಕೊನೆಗೆ ನನ್ನ ಕಾಲಿಗೇ ಬಂತು. ೧೯೮೩ರಲ್ಲಿ ವೀಗಾಂಡ್ ಸ್ಟೋಲ್ 'ವರ್ಷದ ನಿರೂಪಕ' ಲಕೋಟೆ ಹರಿದು, ತನ್ನದೇ ಹೆಸರು ಓದಿ, ಎದೆ ಹಿಡಿದುಕೊಂಡು, ನನ್ನನ್ನು ತನ್ನ ಎಡಗೈಯಿಂದ ಬಲಗೈಗೆ ಪ್ರದಾನ ಮಾಡಿಕೊಂಡ. ಬಲಗೈಗೆ ಧನ್ಯವಾದವನ್ನೂ ಹೇಳಿದ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ನಿಮ್ಮಲ್ಲಿ ಹೇಳುತ್ತಾರಲ್ಲ, ದಾಸ ಪುಣ್ಯವಂತ. ಅವನು ಹಾಡಾದರೂ ಹಾಡಿದ.

೧೯೯೧ ಕೊನೆಯ ವರ್ಷ. ನೋಡುವವರಿಲ್ಲವೆಂದು ಪ್ರಶಸ್ತಿಯನ್ನೇ ಮುಚ್ಚಿದರು. ಮುಚ್ಚುವ ಮುನ್ನ 'ಚಿನ್ನದ ಕ್ಷಣಗಳು' ಎಂದು ಹಳೆಯದನ್ನೆಲ್ಲ ತೋರಿಸಿದರು. ಡಾಲಿಯಾಳನ್ನು ಕರೆಸಿ, ಹದಿನೇಳು ವರ್ಷದ ಹಿಂದಿನ ಆ ದನಿಗೆ ಇನ್ನೊಮ್ಮೆ ಬಾಯಿ ಆಡಿಸಲು ಹೇಳಿದರು. ಕೆನೆ ಕರಗಿತ್ತು, ಗದ್ದದ ಅಡಿಯಲ್ಲಿ ಎರಡು ಮಡಿಕೆ. ಅವಳು ಒಂದು ತಪ್ಪಿಲ್ಲದೆ ಬಾಯಿ ಆಡಿಸಿದಳು, ಅದೊಂದು ವಿದ್ಯೆ ಅವಳಿಗೆ ಪೂರ್ಣವಾಗಿ ಸಿದ್ಧಿಸಿತ್ತು.

ಪರದೆಯ ಹಿಂದೆ ಲೀಸೆಲ್. ಅವಳಿಗೂ ಅದು ನೌಕರಿಯ ಕೊನೆಯ ದಿನ.

"ಕೊಡಿ."

ಡಾಲಿಯಾ ಕೊಡಲಿಲ್ಲ. ನನ್ನನ್ನು ಹಿಡಿದುಕೊಂಡು ನಿಂತಳು. ಕೈ ಅವತ್ತಿನ ಹಾಗೆಯೇ ತಣ್ಣಗಿತ್ತು, ಬೀಜ ಸಣ್ಣಗೆ ಅಲುಗಿತು.

"ಲೀಸೆಲ್, ಆ ಹೆಂಗಸಿನ ಹೆಸರೇನು?"

"ಯಾವ ಹೆಂಗಸು?"

"ಗೊತ್ತಿದೆ ನಿಂಗೆ. ನೀಲಿ ಶಾಲಿನವಳು. ಯಾರನ್ನ ಕೇಳಿದ್ರೂ ಹೇಳಲಿಲ್ಲ. ಆಮೇಲೆ ಕೇಳೋದು ಬಿಟ್ಟೆ."

ಲೀಸೆಲ್ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ರೋಸ್ವಿಟಾ" ಎಂದಳು.

ಡಾಲಿಯಾ ಆ ಹೆಸರನ್ನು ಹೇಳಿಕೊಂಡಳು. ತುಟಿ ಮಾತ್ರ ಅಲುಗಿತು, ದನಿ ಬರಲಿಲ್ಲ. ಅಷ್ಟು ವರ್ಷದ ಅಭ್ಯಾಸ. ಆಮೇಲೆ ನನ್ನನ್ನು ಲೀಸೆಲಳ ಕೈಯಲ್ಲಿಟ್ಟು ನಡೆದುಹೋದಳು. ನೂರ ಎಂಬತ್ತೇಳು ಜನರಲ್ಲಿ ಉಳಿದವರ ಕೈಯಿಂದ ಲೀಸೆಲ್ ನನ್ನನ್ನು ಕಿತ್ತುಕೊಳ್ಳಬೇಕಿತ್ತು, ತಾನಾಗಿ ಅವಳ ಕೈಗಿಟ್ಟವಳು ಡಾಲಿಯಾ ಒಬ್ಬಳೇ. ಅಷ್ಟನ್ನು ಅವಳ ಪಾಲಿಗೆ ಬಿಡುತ್ತೇನೆ.

ಸಾಮಾನುಗಳನ್ನೆಲ್ಲ ಕಸದ ಪೆಟ್ಟಿಗೆಗೆ ಹಾಕಿ ಎಂದು ಮೇಲಿನವರ ಆಜ್ಞೆ. ಲೀಸೆಲ್ ಹಳೆಯ ಪೇಪರಿನ ಮೂಟೆಗಳನ್ನು ಹಾಕಿದಳು, ಸೋಪಿನ ಚೂರುಗಳನ್ನು ಹಾಕಿದಳು. ನನ್ನನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಟ್ರಾಮ್ ಹತ್ತಿ, ಊರಿನ ಇನ್ನೊಂದು ತುದಿಯ ಮೂರನೇ ಮಹಡಿಯ ಮನೆಗೆ ಹೋದಳು.

ರೋಸ್ವಿಟಾಳ ಅಡುಗೆಮನೆಯಲ್ಲಿ ಅನ್ಕೆಯೂ ಇದ್ದಳು. ಇಪ್ಪತ್ತನಾಲ್ಕು ವರ್ಷದವಳು, ತೊಡೆಯ ಮೇಲೆ ಮೂರು ತಿಂಗಳ ಕೂಸು. ಕೂಸಿಗೂ ಅದೇ ಸೆಟೆದ ಕೂದಲು.

"ಅಯ್ಯೋ, ಇದನ್ನೇನು ಮಾಡ್ಲಿ ನಾನು?" ಎಂದಳು ರೋಸ್ವಿಟಾ. "ಇಡೋಕೆ ಜಾಗ ಎಲ್ಲಿದೆ?"

"ಎಲ್ಲಾದ್ರೂ ಇಡು. ಕೊಡೋದಷ್ಟೇ ನನ್ನ ಕೆಲಸ. ಇಪ್ಪತ್ತಮೂರು ವರ್ಷ ಬರೀ ಕಿತ್ಕೊಂಡಿದ್ದೀನಿ, ಒಂದ್ಸಲ ಕೊಡ್ತೀನಿ ಬಿಡು."

ಅನ್ಕೆ ಒಂದು ಕೈಯಲ್ಲಿ ನನ್ನನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಕಿಟಿಕಿಟಿ.

"ನನ್ನ ಬೀಜ" ಎಂದಳು. ಕೂಸನ್ನು ತಾಯಿಯ ಕೈಗೆ ಕೊಟ್ಟು, ಕಿಟಕಿಯ ಕಡೆ ತಿರುಗಿ ನಿಂತಳು.

ಅಷ್ಟರಲ್ಲಿ ಗಾಳಿಗೆ ಅಡುಗೆಮನೆಯ ಬಾಗಿಲು ಧಡ್ ಎಂದು ಹಾಕಿಕೊಂಡಿತು. ಕೂಸು ಬೆಚ್ಚಿ ಅತ್ತಿತು. ರೋಸ್ವಿಟಾ ಬಾಗಿಲು ತೆಗೆದು, ಸುತ್ತ ನೋಡಿ, ನನ್ನನ್ನು ಎತ್ತಿ ಬಾಗಿಲಿಗೆ ಆನಿಸಿ ನೆಲದ ಮೇಲಿಟ್ಟಳು. ಬಾಗಿಲು ಮತ್ತೆ ಅಲುಗಲಿಲ್ಲ. ಮೂರೂವರೆ ಕಿಲೋ ಹಿತ್ತಾಳೆ ಕೊನೆಗೂ ಒಂದು ಉಪಯೋಗಕ್ಕೆ ಬಂತು. ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತ, ಆ ಹಾಡನ್ನು ಎತ್ತಿಕೊಂಡಳು. ಮುಳ್ಳಿಲಿಯ ಹಾಡನ್ನು. ಐವತ್ತು ದಾಟಿದ ದನಿ, ಮೇಲಿನ ಸ್ವರದಲ್ಲಿ ಒಂದಿಷ್ಟು ಒರಟು. ಕೂಸು ಅಳು ನಿಲ್ಲಿಸಿತು. ಅನ್ಕೆ ಕಿಟಕಿಯಿಂದ ತಿರುಗದೆಯೇ ಎರಡನೇ ಸಾಲಿಗೆ ದನಿ ಸೇರಿಸಿದಳು.

ಹಾಡು ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಲೀಸೆಲ್ ಕಾಫಿಯ ಕೊನೆಯ ಗುಟುಕು ಕುಡಿದು, ತಟ್ಟೆಯ ಮೇಲೆ ಕಪ್ಪು ಇಟ್ಟು, ಕೊಡೆ ತೆಗೆದುಕೊಂಡು ಎದ್ದಳು. ಬಾಗಿಲ ಹತ್ತಿರ ನನ್ನನ್ನು ದಾಟುವಾಗ ನಿಂತಳು.

"ಬಯ್ಯೋ ಹಾಗೇನಿಲ್ಲ ಕಣೇ" ಎಂದಳು.

ರೋಸ್ವಿಟಾಳ ಮುಖ ಕಿವಿಯವರೆಗೂ ಕೆಂಪಾಯಿತು. ಕೆಳಗಿನಿಂದ ನನಗೆ ಅವಳ ಗದ್ದದ ಅಡಿ ಕಾಣುತ್ತಿತ್ತು, ಅಲ್ಲೂ ಕೆಂಪಾಗಿತ್ತು. ಪೌಡರ್ ಎಲ್ಲೂ ಇರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಕೊಕ್ಕಿನ ತುದಿಯಲ್ಲೂ ಬೆನ್ನ ಮೇಲೂ ಚಿನ್ನ ಹೋಗಿ ಹಿತ್ತಾಳೆ ಕಾಣುತ್ತದೆ. ದಿನವೂ ನೆಲ ಒರೆಸುವ ಬಟ್ಟೆ ತಾಗುತ್ತದೆ, ಸೋಪಿನ ಚೀಟಿ ಎಂದೋ ಕಳಚಿಹೋಯಿತು. ನನ್ನ ಸತುವಿನ ತಮ್ಮಂದಿರು ದೊಡ್ಡವರ ಮನೆಗಳ ಗಾಜಿನ ಕಪಾಟುಗಳಲ್ಲಿ ಬೀಗದೊಳಗೆ ಕೂತಿದ್ದಾರಂತೆ. ಕೂತಿರಲಿ. ಇಲ್ಲಿ ಅಡುಗೆಮನೆಯಲ್ಲಿ ಬೆಳಿಗ್ಗೆ ಆಲೂಗಡ್ಡೆ ಸುಲಿಯುತ್ತ ಒಂದು ಮುದಿ ದನಿ ಹಾಡುತ್ತದೆ, ಪದ ಮರೆತಲ್ಲಿ ಏನಾದರೂ ಸೇರಿಸಿಕೊಳ್ಳುತ್ತದೆ, ಅಂಗಳದಲ್ಲಿ ಬಟ್ಟೆ ಹರವುವವರಿಗೂ ಕೇಳಿಸುತ್ತದೆ. ಬಾಗಿಲು ಮುಚ್ಚದಂತೆ ನಾನು ಹಿಡಿದುಕೊಂಡಿದ್ದೇನೆ.